ಲಾರಿಗೆ ಲೋಡ್ ಹಾಕಿ ಭದ್ರವಾಗಿ ಕಟ್ಟುವುದು ಹೇಗೆ: ಆರ್‌ಸಿಯಿಂದ ಅನ್‌ಲೋಡ್ ತನಕ

ರಸ್ತೆಯಲ್ಲಿ ಮಾಲು ಚೆಲ್ಲಿಕೊಂಡು ನಿಂತ ಲಾರಿ ಕಂಡರೆ ಎಲ್ಲರೂ ಕೇಳುವುದು ಒಂದೇ ಮಾತು, "ಹಗ್ಗ ಸರಿಯಾಗಿ ಕಟ್ಟಿರಲಿಲ್ವಾ?" ಬಹಳಷ್ಟು ಸಲ ಹಗ್ಗದ ತಪ್ಪೇ ಇರುವುದಿಲ್ಲ. ಹಗ್ಗ ಕೈಗೆ ತೆಗೆದುಕೊಳ್ಳುವ ಮೊದಲೇ ಕೆಲಸ ಕೆಟ್ಟಿರುತ್ತದೆ. ಮೂಟೆ ಪೇರಿಸಿದ ರೀತಿ, ಮಧ್ಯೆ ಬಿಟ್ಟ ಸಂದಿ, ಭಾರ ಎಲ್ಲಿ ಕೂತಿದೆ ಅನ್ನುವುದು, ಇವು ಮೂರು ಸರಿಯಿದ್ದರೆ ಸಾಧಾರಣ ಹಗ್ಗವೂ ಸಾಕು. ಇವು ಹಾಳಾಗಿದ್ದರೆ ಊರಿನ ಹಗ್ಗವನ್ನೆಲ್ಲ ತಂದು ಸುತ್ತಿದರೂ ಮೊದಲ ಘಟ್ಟದಲ್ಲೇ ಲೋಡ್ ಒಂದು ಕಡೆ ವಾಲುತ್ತದೆ. ಹಾಗಾಗಿ ಇಲ್ಲಿ ಹಗ್ಗದ ಮಾತು ಸ್ವಲ್ಪ ತಡವಾಗಿಯೇ ಬರುತ್ತದೆ, ತಾಳ್ಮೆ ಇರಲಿ.

ನಾನು ಬರೆಯುತ್ತಿರುವುದು ನಮ್ಮ ಕಡೆ ಜಾಸ್ತಿ ಓಡುವ ಓಪನ್ ಬಾಡಿ ಲಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಆರು ಚಕ್ರ, ಹತ್ತು ಚಕ್ರದವು. ಟಾಟಾ ಏಸ್, ಬೊಲೆರೊ ಪಿಕಪ್‌ನಂಥ ಚಿಕ್ಕ ಗಾಡಿ ಇಟ್ಟುಕೊಂಡವರಿಗೂ ಇದೇ ನಿಯಮ ನಡೆಯುತ್ತದೆ, ಅಂಕಿಗಳು ಮಾತ್ರ ಚಿಕ್ಕವು. ಟ್ಯಾಂಕರ್, ಗ್ಯಾಸ್, ಆಸಿಡ್‌ನಂಥ ಅಪಾಯದ ಮಾಲಿಗೆ ಬೇರೆಯೇ ನಿಯಮ, ಬೇರೆ ತರಬೇತಿ ಇದೆ. ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಮೊದಲು ಆರ್‌ಸಿ ತೆಗೆಯಿರಿ

ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಎರಡು ತೂಕ ಬರೆದಿರುತ್ತದೆ. ಖಾಲಿ ಗಾಡಿಯ ತೂಕ ಒಂದು, ಲೋಡ್ ಸೇರಿ ಗಾಡಿ ಒಟ್ಟು ಎಷ್ಟು ತೂಗಬಹುದು ಅನ್ನುವುದು ಇನ್ನೊಂದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದು ನಿಮ್ಮ ಮಾಲಿನ ಲೆಕ್ಕ. ಅದರಲ್ಲೂ ಡ್ರೈವರ್, ಕ್ಲೀನರ್, ಡೀಸೆಲ್, ಟರ್ಪಾಲ್, ಹಗ್ಗ, ಜಾಕ್, ಅಡುಗೆ ಸಾಮಾನು ಅಂತ ಕೆಲವು ಕ್ವಿಂಟಾಲ್ ಹೋಗಿಯೇ ಹೋಗುತ್ತದೆ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಈ ಒಟ್ಟು ತೂಕದ ಮಿತಿಗಳನ್ನು ಹೆಚ್ಚಿಸಿತು. ಆರು ಚಕ್ರದ ಲಾರಿಗೆ 16.2 ಟನ್ ಇದ್ದದ್ದು 18.5 ಆಯಿತು, ಹತ್ತು ಚಕ್ರಕ್ಕೆ 25 ಇದ್ದದ್ದು 28.5 ಆಯಿತು. ಇದನ್ನು ಕೇಳಿಕೊಂಡು ಹಳೆಯ ಗಾಡಿಗೂ ಹೊಸ ಲೆಕ್ಕದಲ್ಲಿ ತುಂಬುವವರಿದ್ದಾರೆ. ನಿಮ್ಮ ಆರ್‌ಸಿಯಲ್ಲಿ ಏನು ಬರೆದಿದೆಯೋ ಅದೇ ನಿಮ್ಮ ಮಿತಿ. ದಾಟಿದರೆ 2019ರ ತಿದ್ದುಪಡಿಯ ನಂತರದ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000. ದಂಡ ಕಟ್ಟಿದೆ ಅಂತ ಹಾಗೇ ಹೊರಡುವ ಹಾಗಿಲ್ಲ, ಜಾಸ್ತಿ ಮಾಲನ್ನು ಅಲ್ಲೇ ಇಳಿಸಬೇಕು. ಓಡಿಸಿದವರಿಗೆ ಮಾತ್ರವಲ್ಲ, ಓಡಿಸಲು ಬಿಟ್ಟ ಮಾಲೀಕರಿಗೂ ಕಲಂ ಅನ್ವಯಿಸುತ್ತದೆ. ಡ್ರೈವರ್ ಅಣ್ಣಂದಿರು ಇದನ್ನು ತಮ್ಮ ಸಾಹುಕಾರರಿಗೆ ಒಮ್ಮೆ ಓದಿ ಹೇಳಿದರೆ ಒಳ್ಳೆಯದು.

ಮಾಲಿನ ತೂಕ ಬಾಯಿಮಾತಲ್ಲಿ ಒಪ್ಪಿಕೊಳ್ಳಬೇಡಿ. ಸಿಮೆಂಟ್ ಸುಲಭ, ಚೀಲಕ್ಕೆ 50 ಕೆಜಿ, ಟನ್‌ಗೆ 20 ಚೀಲ. ಕಲ್ಲು, ಮರಳಿನಲ್ಲೇ ಮೋಸ ಹೋಗುವುದು. ಗ್ರಾನೈಟ್ ಒಂದು ಘನ ಮೀಟರ್‌ಗೆ ಸುಮಾರು 2.7 ಟನ್ ಬರುತ್ತದೆ, ನೋಡಲು ಚಿಕ್ಕ ಬ್ಲಾಕ್ ಅನ್ನಿಸಿದರೂ ಗಾಡಿ ಕುಗ್ಗಿಬಿಡುತ್ತದೆ. ಎಂ-ಸ್ಯಾಂಡ್ ಒಂದು ಯೂನಿಟ್, ಅಂದರೆ 100 ಘನ ಅಡಿ, ಒಣಗಿದ್ದರೂ ನಾಲ್ಕೂವರೆ ಟನ್ ಆಸುಪಾಸು. ಮಳೆಯಲ್ಲಿ ನೆಂದದ್ದಾದರೆ ಇನ್ನೂ ಜಾಸ್ತಿ.

ಖಾಲಿ ಬಾಡಿಯೊಳಗೆ ಒಮ್ಮೆ ಹತ್ತಿ

ಲೋಡ್ ಶುರುವಾಗುವ ಮೊದಲು ಬಾಡಿ ಗುಡಿಸಿ. ತಮಾಷೆಗೆ ಹೇಳುತ್ತಿಲ್ಲ. ಹಿಂದಿನ ಲೋಡಿನ ಮರಳು, ಜೋಳದ ಕಾಳು, ಎಣ್ಣೆ, ನೀರು ತಳದಲ್ಲಿ ಉಳಿದಿದ್ದರೆ ಮಾಲು ಅದರ ಮೇಲೆ ಜಾರುತ್ತದೆ. ಲೋಡನ್ನು ಹಿಡಿದಿಡುವ ಮೊದಲ ಶಕ್ತಿ ತಳದ ಘರ್ಷಣೆ, ಅದು ಪುಕ್ಕಟೆ ಸಿಗುವಂಥದ್ದು, ಅದನ್ನೇ ಕಸದ ಪಾಲು ಮಾಡಬಾರದಲ್ವಾ?

ಹಲಗೆ ಒಡೆದಿದೆಯಾ, ಮೊಳೆ ಎದ್ದಿದೆಯಾ, ಪಕ್ಕದ ಬಾಗಿಲಿನ ಕೀಲು ಮತ್ತು ಚಿಲಕ ಗಟ್ಟಿ ಇವೆಯಾ ನೋಡಿ. ಕೆಳಗೆ ಬಾಡಿಯ ಅಂಚಿನಲ್ಲಿರುವ ಕೊಕ್ಕೆಗಳನ್ನು ಒಂದೊಂದಾಗಿ ಕೈಯಲ್ಲಿ ಅಲ್ಲಾಡಿಸಿ. ವೆಲ್ಡಿಂಗ್ ಬಿಟ್ಟ ಕೊಕ್ಕೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಕೈ ಹಾಕಿದಾಗ ಮಾತ್ರ ಗೊತ್ತಾಗುತ್ತದೆ. ಕ್ಯಾಬಿನ್ ಹಿಂದಿನ ಗೋಡೆಯನ್ನು ಜಾಸ್ತಿ ಗಮನಿಸಿ. ಬ್ರೇಕ್ ಹಾಕಿದಾಗ ಡ್ರೈವರ್ ಬೆನ್ನಿಗೂ ಲೋಡಿಗೂ ನಡುವೆ ಇರುವುದು ಅದೊಂದೇ.

ಭಾರ ಎಲ್ಲಿ ಕೂರಬೇಕು

ಒಟ್ಟು ತೂಕ ಸರಿಯಿದ್ದರೂ ತೂಕ ಕೂತ ಜಾಗ ತಪ್ಪಿದ್ದರೆ ಗಾಡಿ ಓವರ್‌ಲೋಡೇ. ಬಹಳ ಜನ ಇದನ್ನು ನಂಬುವುದಿಲ್ಲ. ಒಂದು ಉದಾಹರಣೆ ಲೆಕ್ಕ ಹಾಕೋಣ.

ಆರು ಚಕ್ರದ ಲಾರಿ ಅಂದುಕೊಳ್ಳಿ. ಖಾಲಿ ಇದ್ದಾಗ ಮುಂದಿನ ಆಕ್ಸಲ್ (ಎರಡು ಬದಿಯ ಚಕ್ರ ಸೇರಿಸುವ ಅಚ್ಚು) ಮೇಲೆ 3.5 ಟನ್, ಹಿಂದಿನದರ ಮೇಲೆ 3.2 ಟನ್. ಎರಡು ಆಕ್ಸಲ್ ನಡುವೆ 4.2 ಮೀಟರ್. ಮುಂದಿನ ಆಕ್ಸಲ್ ತಡೆಯುವುದು 7 ಟನ್, ಹಿಂದಿನದು 11.5. ಈಗ 11 ಟನ್ ಸಿಮೆಂಟ್, ಅಂದರೆ 220 ಚೀಲ ಹಾಕಬೇಕು. ಒಟ್ಟು 17.7 ಟನ್. ಮಿತಿ 18.5, ಆರಾಮಾಗಿ ಒಳಗಿದೆ.

ಈಗ ಕ್ಯಾಬಿನ್ ಹತ್ತಿರ ಸ್ವಲ್ಪ ಜಾಗ ಖಾಲಿ ಬಿಟ್ಟು ಹಿಂದಿನಿಂದ ಪೇರಿಸಿಕೊಂಡು ಬಂದಿರಿ, ಲೋಡಿನ ಮಧ್ಯಬಿಂದು ಹಿಂದಿನ ಆಕ್ಸಲ್‌ಗಿಂತ 60 ಸೆಂಟಿಮೀಟರ್ ಮುಂದೆ ಬಿತ್ತು. 11ನ್ನು 0.6ರಿಂದ ಗುಣಿಸಿ 4.2ರಿಂದ ಭಾಗಿಸಿದರೆ ಮುಂದಿನ ಆಕ್ಸಲ್‌ಗೆ ಹೋಗುವ ಪಾಲು ಸಿಗುತ್ತದೆ, ಸುಮಾರು 1.6 ಟನ್. ಉಳಿದ 9.4 ಹಿಂದಕ್ಕೆ. ಖಾಲಿ ತೂಕ 3.2 ಸೇರಿಸಿದರೆ ಹಿಂದಿನ ಆಕ್ಸಲ್ ಮೇಲೆ 12.6 ಟನ್. ಮಿತಿ ದಾಟಿ ಒಂದು ಟನ್‌ಗೂ ಜಾಸ್ತಿ ಆಯಿತು. ಒಂದು ಚೀಲವೂ ಹೆಚ್ಚು ಹಾಕಿಲ್ಲ!

ಅದೇ ಲೋಡನ್ನು ಕ್ಯಾಬಿನ್ ಗೋಡೆಗೆ ತಾಗಿಸಿ ಬಾಡಿ ಪೂರ್ತಿ ಸಮನಾಗಿ ಹರಡಿದರೆ ಮಧ್ಯಬಿಂದು ಸುಮಾರು 1.1 ಮೀಟರ್ ಮುಂದೆ ಬರುತ್ತದೆ. ಆಗ ಮುಂದಕ್ಕೆ 2.9 ಟನ್ ಸೇರಿ 6.4, ಹಿಂದಕ್ಕೆ 8.1 ಸೇರಿ 11.3. ಎರಡೂ ಮಿತಿಯೊಳಗೆ. ಅರ್ಧ ಮೀಟರ್ ವ್ಯತ್ಯಾಸ, ಅಷ್ಟೇ.

ಹಿಂದೆ ಭಾರ ಜಾಸ್ತಿಯಾದರೆ ಸ್ಟೇರಿಂಗ್ ಹಗುರವಾಗುತ್ತದೆ. ಮಳೆಯಲ್ಲಿ ತಿರುವಿನಲ್ಲಿ ಗಾಡಿ ನೀವು ಹೇಳಿದ ಕಡೆ ತಿರುಗದೆ ನೇರ ಹೋಗಲು ನೋಡುತ್ತದೆ. ಮುಂದೆ ಜಾಸ್ತಿಯಾದರೆ ಸ್ಟೇರಿಂಗ್ ಭಾರ, ಮುಂದಿನ ಟೈರ್ ಬೇಗ ಹಾಳು, ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಹಿಡಿತ ಬಿಟ್ಟು ಎಳೆಯುತ್ತದೆ. ಎಡ ಬಲ ಕೂಡ ಸಮ ಇರಬೇಕು. ಲಾರಿ ಹಿಂದೆ ಇಪ್ಪತ್ತು ಹೆಜ್ಜೆ ದೂರ, ಸಮತಟ್ಟು ಜಾಗದಲ್ಲಿ ನಿಂತು ನೋಡಿದರೆ ವಾಲಿದ್ದು ಗೊತ್ತಾಗುತ್ತದೆ.

ಆಕ್ಸಲ್ ತೂಕ ನೋಡಲು ವಿಶೇಷ ಯಂತ್ರ ಬೇಕಿಲ್ಲ. ಲಾರಿ ತೂಗುವ ಸಾಮಾನ್ಯ ಕಾಟಾದಲ್ಲೇ ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಆಮೇಲೆ ಪೂರ್ತಿ ಗಾಡಿ ಹತ್ತಿಸಿ ಇನ್ನೊಂದು ತೂಕ ತೆಗೆದುಕೊಳ್ಳಿ. ಕಳೆದರೆ ಹಿಂದಿನದು ಸಿಗುತ್ತದೆ. ಕಾಟಾದ ತಟ್ಟೆಯೂ ಮುಂದಿನ ನೆಲವೂ ಒಂದೇ ಮಟ್ಟದಲ್ಲಿರಬೇಕು, ಬ್ರೇಕ್ ಬಿಟ್ಟಿರಬೇಕು, ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ಕಾಟಾದವರು ಒಮ್ಮೊಮ್ಮೆ "ಯಾಕ್ರೀ ಎರಡೆರಡು ಸಲ" ಅಂತ ಗೊಣಗುತ್ತಾರೆ. ಗೊಣಗಲಿ ಬಿಡಿ.

ಬ್ರೇಕ್ ಹಾಕಿದರೆ ಮಾಲು ಎಷ್ಟು ನೂಕುತ್ತದೆ

ಯುರೋಪಿನಲ್ಲಿ ಲೋಡ್ ಕಟ್ಟುವುದಕ್ಕೆ ಒಂದು ಒಪ್ಪಿತ ಲೆಕ್ಕವಿದೆ, ನಮ್ಮ ರಸ್ತೆಗೂ ಅದು ಚೆನ್ನಾಗಿ ಹೊಂದುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಮಾಲು ತನ್ನ ತೂಕದ ನೂರಕ್ಕೆ 80ರಷ್ಟು ಬಲದಿಂದ ಮುಂದೆ ನುಗ್ಗುತ್ತದೆ. ತಿರುವಿನಲ್ಲಿ ಪಕ್ಕಕ್ಕೆ 50ರಷ್ಟು, ಏರಿನಲ್ಲಿ ಎಳೆದಾಗ ಹಿಂದಕ್ಕೂ 50ರಷ್ಟು. ಹತ್ತು ಟನ್ ಲೋಡ್ ಇದ್ದರೆ ಕ್ಯಾಬಿನ್ ಕಡೆಗೆ ಎಂಟು ಟನ್ ನೂಕು ಅಂತಾಯಿತು.

ಈ ನೂಕನ್ನು ತಡೆಯಲು ಇರುವ ದಾರಿ ಮೂರು. ಗೋಡೆಗೋ ಅಡ್ಡ ಮರಕ್ಕೋ ಮಾಲನ್ನು ತಾಗಿಸಿ ನಿಲ್ಲಿಸುವುದು. ತಳದ ಘರ್ಷಣೆ ಹೆಚ್ಚಿಸುವುದು. ಕೊನೆಗೆ ಕಟ್ಟುವುದು. ನಮ್ಮಲ್ಲಿ ಮೊದಲೆರಡನ್ನು ಮರೆತು ಮೂರನೆಯದನ್ನೇ ನೆಚ್ಚಿಕೊಳ್ಳುತ್ತಾರೆ. ಸಂದಿ ಬಿಟ್ಟು ಇಟ್ಟ ಮಾಲು ಗೋಡೆ ತಲುಪುವಷ್ಟರಲ್ಲಿ ವೇಗ ಹಿಡಿದಿರುತ್ತದೆ, ಆಗ ಗೋಡೆಗೆ ಬೀಳುವುದು ನೂಕಲ್ಲ, ಗುದ್ದು. ಆದ್ದರಿಂದ ಸಂದಿ ಇರಲೇಬಾರದು. ಸಂದಿ ಉಳಿದರೆ ಹಳೆಯ ಟೈರ್, ಗೋಣಿ ಸುರುಳಿ, ಮರದ ತುಂಡು, ಖಾಲಿ ಪ್ಯಾಲೆಟ್, ಏನಾದರೂ ತುರುಕಿ.

ಪೇರಿಸುವುದು

ಮೂಟೆಗಳ ವಿಷಯ ಮೊದಲು, ಯಾಕೆಂದರೆ ಅಕ್ಕಿ, ಅಡಿಕೆ, ಈರುಳ್ಳಿ, ಗೊಬ್ಬರ, ಸಿಮೆಂಟ್ ಎಲ್ಲವೂ ಮೂಟೆಯಲ್ಲೇ ಓಡಾಡುವುದು. ಹಮಾಲರಿಗೆ ಕೂಲಿ ಸಾಮಾನ್ಯವಾಗಿ ಚೀಲದ ಲೆಕ್ಕದಲ್ಲಿ, ಹಾಗಾಗಿ ಅವರಿಗೆ ಅವಸರ ಇರುವುದು ಸಹಜ. ಅದಕ್ಕೇ ಡ್ರೈವರ್ ಅಥವಾ ಕ್ಲೀನರ್ ಪಕ್ಕದಲ್ಲಿ ನಿಂತಿರಬೇಕು, ಚಹಾದಂಗಡಿಯಲ್ಲಲ್ಲ. "ಅಣ್ಣಾ, ಆ ಮೂಲೆ ಖಾಲಿ ಇದೆ, ಒಂದು ಚೀಲ ಅಡ್ಡ ಹಾಕಿ" ಅಂತ ಅವಾಗಲೇ ಹೇಳಿದರೆ ಅರ್ಧ ನಿಮಿಷದ ಕೆಲಸ. ಮೇಲೆ ಐದು ವರಸೆ ಬಂದ ಮೇಲೆ ಹೇಳಿದರೆ ಯಾರು ಇಳಿಸುತ್ತಾರೆ?

ಮೊದಲ ವರಸೆ ಉದ್ದಕ್ಕೆ ಹಾಕಿದರೆ ಎರಡನೆಯದು ಅಡ್ಡಕ್ಕೆ. ಗೋಡೆ ಕಟ್ಟುವ ಮೇಸ್ತ್ರಿ ಇಟ್ಟಿಗೆ ಸಂದು ಮುಚ್ಚಿಕೊಂಡು ಹೋಗುತ್ತಾನಲ್ಲ, ಹಾಗೆ ಕೆಳಗಿನ ಎರಡು ಚೀಲದ ಸಂದಿಯ ಮೇಲೆ ಮೇಲಿನ ಚೀಲ ಕೂರಬೇಕು. ಒಂದರ ಮೇಲೊಂದು ನೇರ ಕಂಬದಂತೆ ಪೇರಿಸಿದ್ದು ಒಂದು ತಿರುವಿಗೆ ಕಂಬವಾಗಿಯೇ ಬೀಳುತ್ತದೆ. ಅಂಚಿನ ಚೀಲಗಳ ಬಾಯಿ ಒಳಗಡೆಗೆ ಇರಲಿ. ಹೊಲಿಗೆ ಬಿಚ್ಚಿದರೂ ಮಾಲು ರಸ್ತೆಗೆ ಸುರಿಯುವುದಿಲ್ಲ, ಮತ್ತೆ ಚೀಲದ ದಪ್ಪ ತಳ ಹೊರಗಡೆ ನಿಂತು ಗಟ್ಟಿ ಅಂಚು ಸಿಗುತ್ತದೆ.

ಪಕ್ಕದ ಹಲಗೆಯ ಎತ್ತರ ದಾಟಿದ ಮೇಲೆ ಆಟವೇ ಬೇರೆ. ಅಲ್ಲಿಂದ ಮೇಲೆ ಪ್ರತಿ ವರಸೆಯನ್ನೂ ಒಂದು ಗೇಣಿನಷ್ಟು ಒಳಗೆ ತೆಗೆದುಕೊಳ್ಳಿ, ಅಂಚಿನ ಚೀಲ ಸ್ವಲ್ಪ ಒಳಕ್ಕೇ ವಾಲಿರಲಿ. ಹಿಂಬದಿಯಲ್ಲೂ ಮೆಟ್ಟಿಲಿನಂತೆ ಇಳಿದು ಬರಲಿ. ಹಿಂದೆ ನೇರ ಗೋಡೆಯಂತೆ ನಿಲ್ಲಿಸಿದರೆ ಏರು ಹತ್ತುವಾಗ ಮೇಲಿನ ಚೀಲ ಹಿಂದೆ ಬರುವ ಬೈಕಿನವನ ಮೇಲೆ.

ಟೊಮೆಟೊ ಕ್ರೇಟ್ ಹೊತ್ತ ಲಾರಿ ಕೋಲಾರದ ಕಡೆ ನೋಡಿರುತ್ತೀರಿ. ಪ್ಲಾಸ್ಟಿಕ್ ಕ್ರೇಟ್ ಒಂದರೊಳಗೊಂದು ಕೂರುವ ಹಾಗೆ ಅಂಚು ಇರುತ್ತದೆ, ಅದರಿಂದ ನೇರ ಪೇರಿಸಿದರೂ ನಡೆಯುತ್ತದೆ. ಆದರೆ ಬೇರೆ ಬೇರೆ ಕಂಪನಿಯ ಕ್ರೇಟ್ ಬೆರೆಸಿದರೆ ಅಂಚು ಕೂರುವುದಿಲ್ಲ. ಒಂದೇ ಬಗೆಯದನ್ನು ಒಂದು ಸಾಲಿಗೆ ಇಟ್ಟುಕೊಳ್ಳಿ, ತುಂಬಿ ತುಳುಕುವ ಹಾಗೆ ತುಂಬಿದ ಕ್ರೇಟನ್ನು ಎಲ್ಲಕ್ಕಿಂತ ಮೇಲೆ ಮಾತ್ರ ಇಡಿ.

ಡ್ರಮ್‌ಗಳನ್ನು ನಿಲ್ಲಿಸಿಯೇ ಸಾಗಿಸಬೇಕು, ಮುಚ್ಚಳ ಮೇಲೆ. ಒಂದಕ್ಕೊಂದು ಬಿಗಿಯಾಗಿ ತಾಗಿರಬೇಕು. ಎರಡನೇ ವರಸೆ ಬೇಕಿದ್ದರೆ ನಡುವೆ ಪ್ಲೈವುಡ್ ಹಾಸಿ. ಕೀಟನಾಶಕದ ಡಬ್ಬ ಮತ್ತು ತಿನ್ನುವ ಮಾಲು ಒಂದೇ ಲಾರಿಯಲ್ಲಿ ಬೇಡ, ಎಷ್ಟೇ ಬಾಡಿಗೆ ಕೊಡುತ್ತೇನೆ ಅಂದರೂ.

ಕಬ್ಬಿಣದ ಸರಳು ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟ ಲೋಡ್. ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ, ತುದಿ ಚೂಪು, ಬ್ರೇಕ್ ಹಾಕಿದರೆ ನೇರ ಕ್ಯಾಬಿನ್ ಕಡೆಗೆ. ಸರಳು ಬರುವುದು 12 ಮೀಟರ್ ಉದ್ದ, ನಡುವೆ ಮಡಚಿ ಕಟ್ಟುತ್ತಾರೆ. ಮಡಚಿದ ಬೆನ್ನು ಕ್ಯಾಬಿನ್ ಕಡೆಗೆ ಬರುವ ಹಾಗೆ ಹಾಕಿಸಿ, ಬೆನ್ನಿಗೂ ಗೋಡೆಗೂ ನಡುವೆ ದಪ್ಪ ಮರ ಅಡ್ಡ ಕೊಡಿ. ಕೆಳಗೆ ಮರದ ದಿಮ್ಮಿ ಇಡಿ, ಸರಪಳಿ ತೂರಿಸಲು ಜಾಗವೂ ಸಿಗುತ್ತದೆ, ಹಿಡಿತವೂ ಬರುತ್ತದೆ. ಸುಮ್ನೆ ಮೇಲಿಂದ ಸರಪಳಿ ಹಾಯಿಸಿದರೆ ಸಾಲದು. ಕಟ್ಟಿನ ಸುತ್ತ ಒಂದು ಪೂರ್ತಿ ಸುತ್ತು ಹಾಕಿ ಆಮೇಲೆ ಕೊಕ್ಕೆಗೆ ಎಳೆಯಿರಿ, ಎಳೆದಷ್ಟೂ ಕಟ್ಟು ತಾನೇ ಬಿಗಿಯುತ್ತದೆ. ಬಾಡಿಯಿಂದ ಹಿಂದಕ್ಕೆ ಚಾಚಿಕೊಂಡು ಸರಳು ಒಯ್ಯುವುದನ್ನು 2014ರಲ್ಲೇ ನಿಷೇಧಿಸಲಾಗಿದೆ. ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ಆಯಿತು ಅನ್ನುವ ನಂಬಿಕೆ ಇನ್ನೂ ಹೋಗಿಲ್ಲ. ರಾತ್ರಿ ಹೊತ್ತು ಆ ಬಟ್ಟೆ ಯಾರಿಗೆ ಕಾಣುತ್ತದೆ? ನೇರ ಸರಳು ಬೇಕಿದ್ದರೆ ಉದ್ದದ ಟ್ರೇಲರ್ ತರಿಸಿ.

ಗ್ರಾನೈಟ್ ಸ್ಲ್ಯಾಬ್ ನಿಲ್ಲಿಸಿ ಒಯ್ಯಬೇಕು, ಡೇರೆ ಆಕಾರದ ಕಬ್ಬಿಣದ ಸ್ಟ್ಯಾಂಡಿಗೆ ಎರಡೂ ಕಡೆ ಸಮನಾಗಿ ಒರಗಿಸಿ. ಸ್ಟ್ಯಾಂಡನ್ನು ಬಾಡಿಗೆ ಬೇರೆ ಕಟ್ಟಬೇಕು, ಸ್ಲ್ಯಾಬನ್ನು ಸ್ಟ್ಯಾಂಡಿಗೆ ಬೇರೆ. 20 ಮಿಲಿಮೀಟರ್ ದಪ್ಪದ ಸ್ಲ್ಯಾಬ್ ಚದರ ಅಡಿಗೆ ಸುಮಾರು 5 ಕೆಜಿ. ಹತ್ತಡಿ ಐದಡಿಯ ಒಂದು ಹಾಳೆ ಎರಡೂವರೆ ಕ್ವಿಂಟಾಲ್ ಆಯಿತು. ಅದು ವಾಲಲು ಶುರುವಾದರೆ ಕೈಕೊಟ್ಟು ತಡೆಯಲು ಹೋಗಬೇಡಿ, ಪಕ್ಕಕ್ಕೆ ಓಡಿ. ಸ್ಲ್ಯಾಬ್ ಬೀಳುವ ಕಡೆ ಯಾರೂ ನಿಲ್ಲುವ ಹಾಗೇ ಇಲ್ಲ, ಲೋಡ್ ಮಾಡುವಾಗಲೂ, ಇಳಿಸುವಾಗಲೂ.

ಪೈಪು, ಮರದ ದಿಮ್ಮಿಯಂಥ ಉರುಳುವ ಮಾಲಿಗೆ ಎರಡೂ ಬದಿ ಗಟ್ಟಿ ಗೂಟ, ಕೆಳಗೆ ಮೊಳೆ ಹೊಡೆದ ಬೆಣೆ. ಕಲ್ಲು ಇಟ್ಟು ಒತ್ತು ಕೊಟ್ಟಿದ್ದು ಬೆಣೆ ಅಲ್ಲ, ಮೊದಲ ಹಂಪ್‌ಗೆ ಹಾರಿ ಹೋಗುತ್ತದೆ. ಮನೆ ಸಾಮಾನು ಸಾಗಿಸುವ ಏಸ್ ಗಾಡಿಯವರು ಇಷ್ಟು ನೆನಪಿಟ್ಟರೆ ಸಾಕು: ಬೀರು, ಫ್ರಿಜ್, ವಾಷಿಂಗ್ ಮೆಷಿನ್ ಕ್ಯಾಬಿನ್ ಗೋಡೆಗೆ ತಾಗಿ, ನಿಂತುಕೊಂಡೇ. ಹಾಸಿಗೆ ನಡುವೆ ಮೆತ್ತೆಯಾಗಿ.

ಹಗ್ಗ, ಬೆಲ್ಟ್, ಸರಪಳಿ

ಮೂಟೆಗೆ ಹಗ್ಗ ಸಾಕು. ಯಂತ್ರ, ಪ್ಯಾಲೆಟ್, ಪೆಟ್ಟಿಗೆಗೆ ರಾಚೆಟ್ ಬೆಲ್ಟ್, ಅಂದರೆ ಹಲ್ಲಿರುವ ಹಿಡಿ ಆಡಿಸಿ ಬಿಗಿಯುವ ಪಟ್ಟಿ. ಕಬ್ಬಿಣ, ಕಲ್ಲಿಗೆ ಸರಪಳಿ. ಹಗ್ಗದಲ್ಲಿ ನೈಲಾನ್ ಗಟ್ಟಿ, ಆದರೆ ಎಳೆದರೆ ಹಿಗ್ಗುತ್ತದೆ, ಸ್ವಲ್ಪ ದೂರ ಹೋದ ಮೇಲೆ ಮತ್ತೆ ಬಿಗಿಯಲೇಬೇಕು. ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. ಎಳೆಗಳು ಕೈಗೆ ಮುಳ್ಳಿನಂತೆ ಚುಚ್ಚಲು ಶುರುವಾದರೆ ಅದರ ಆಯುಸ್ಸು ಮುಗಿಯಿತು.

ಬೆಲ್ಟ್ ಎಷ್ಟು ಬೇಕು ಅನ್ನುವುದಕ್ಕೆ ಒಂದು ಮೋಟಾ ಲೆಕ್ಕ. ಒಂದು ಟನ್ ತೂಕದ ಯಂತ್ರ, ಮುಂದೆ ತಾಗಿಸಲು ಗೋಡೆ ಇಲ್ಲ ಅಂತಿಟ್ಟುಕೊಳ್ಳಿ. ಬ್ರೇಕ್ ಹಾಕಿದಾಗ 800 ಕೆಜಿ ನೂಕು. ಮರದ ಹಲಗೆ ಮೇಲೆ ಕಬ್ಬಿಣದ ಪಾದ ಇದ್ದರೆ ಘರ್ಷಣೆ ತಡೆಯುವುದು ಸುಮಾರು 300 ಕೆಜಿ. ಉಳಿದ 500 ಬೆಲ್ಟ್ ಪಾಲು. ಕೈಯಲ್ಲಿ ಬಿಗಿಯುವ 50 ಮಿಲಿಮೀಟರ್ ರಾಚೆಟ್ ಬೆಲ್ಟ್‌ನಲ್ಲಿ ಸುಮಾರು 300 ಕೆಜಿ ಎಳೆತ ಬರುತ್ತದೆ. ಮೇಲಿಂದ ಹಾಯಿಸಿದರೆ ಎರಡೂ ಬದಿ ಸೇರಿ 600 ಕೆಜಿ ಒತ್ತಡ, ಅದರಿಂದ ಸಿಗುವ ಹಿಡಿತ ಅದರ 0.3 ಪಾಲು, 180 ಕೆಜಿ. ಅಂದರೆ ಮೂರು ಬೆಲ್ಟ್ ಬೇಕು. ಬೆಲ್ಟ್ ನೇರ ಕೆಳಗಿಳಿಯದೆ ನೆಲಕ್ಕೆ 30 ಡಿಗ್ರಿಯಷ್ಟು ಚಪ್ಪಟೆಯಾಗಿ ಹೋದರೆ ಒತ್ತಡ ಅರ್ಧಕ್ಕೆ ಇಳಿಯುತ್ತದೆ, ಆಗ ಆರು ಬೆಲ್ಟ್! ಗಿಡ್ಡ ಮಾಲಿಗೆ ಮೇಲಿಂದ ಬೆಲ್ಟ್ ಹಾಕಿ "ಬಿಗಿಯಾಗಿದೆ" ಅನ್ನುವುದು ಇದಕ್ಕೇ ನಂಬುವಂಥದ್ದಲ್ಲ.

ಈಗ ಯಂತ್ರದ ಪಾದದ ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಘರ್ಷಣೆ 0.6 ಆಯಿತು, ತಳವೇ 600 ಕೆಜಿ ತಡೆಯುತ್ತದೆ. ಬೆಲ್ಟ್ ತಡೆಯಬೇಕಾದ್ದು 200 ಮಾತ್ರ, ಲೆಕ್ಕದಲ್ಲಿ ಒಂದೇ ಬೆಲ್ಟ್ ಸಾಕು. ಒಂದು ತುಂಡಾದರೆ ಅಂತ ಎರಡು ಹಾಕಿ. ಮ್ಯಾಟಿನ ಬೆಲೆ ನೋಡಿ, ಉಳಿಯುವ ಬೆಲ್ಟ್ ನೋಡಿ, ನೀವೇ ಹೇಳಿ.

ಚೂಪು ಮೂಲೆಯ ಮೇಲೆ ಬೆಲ್ಟ್ ಅಥವಾ ಹಗ್ಗ ಹಾಯುವ ಕಡೆ ಹಳೆಯ ಟೈರ್ ತುಂಡು ಇಡಿ. ಬೆಲ್ಟಿಗೆ ಗಂಟು ಹಾಕಬೇಡಿ, ಗಂಟು ಬಿದ್ದ ಕಡೆ ಅದರ ಶಕ್ತಿ ಬಹಳ ಕುಸಿಯುತ್ತದೆ. ಹಿಡಿಗೆ ಪೈಪ್ ಸಿಕ್ಕಿಸಿ ಎಳೆಯಬೇಡಿ, ರಾಚೆಟ್ ಹಲ್ಲು ಮುರಿಯುತ್ತದೆ, ಇಲ್ಲವೇ ಹಿಡಿ ತಿರುಗಿ ಮುಖಕ್ಕೆ ಬಡಿಯುತ್ತದೆ. ರಾಚೆಟ್ ಉರುಳೆಗೆ ಬೆಲ್ಟ್ ಎರಡು ಮೂರು ಸುತ್ತು ಬಂದಿರಬೇಕು.

ಹಗ್ಗದಲ್ಲಿ ಬಿಗಿಯುವ ಲಾರಿ ಗಂಟು ಹೊಸ ಹುಡುಗರಿಗೆ ನಿಧಾನವಾಗಿ ತೋರಿಸಿಕೊಡಿ. ಹಗ್ಗದ ಒಂದು ತುದಿ ಎಡಗಡೆ ಕೊಕ್ಕೆಗೆ ಕಟ್ಟಿ, ಲೋಡಿನ ಮೇಲಿಂದ ಬಲಕ್ಕೆ ಎಸೆಯಿರಿ. ಬಲಗಡೆ ಎದೆಮಟ್ಟದಲ್ಲಿ ಹಗ್ಗವನ್ನು ಒಮ್ಮೆ ತಿರುಚಿ, ತಿರುಚಿದ ಕಣ್ಣಿನೊಳಗಿಂದ ಹಗ್ಗದ ಒಂದು ಮಡಿಕೆ ಎಳೆದು ಕುಣಿಕೆ ಮಾಡಿ. ಉಳಿದ ತುದಿಯನ್ನು ಕೆಳಗಿನ ಕೊಕ್ಕೆಗೆ ಸುತ್ತಿ ಮೇಲೆ ತಂದು ಆ ಕುಣಿಕೆಯೊಳಗೆ ತೂರಿಸಿ, ಮೈಭಾರ ಬಿಟ್ಟು ಕೆಳಕ್ಕೆ ಎಳೆಯಿರಿ. ಪುಸ್ತಕದ ಲೆಕ್ಕದಲ್ಲಿ ಇದು ಎಳೆತವನ್ನು ಮೂರು ಪಟ್ಟು ಮಾಡಬೇಕು. ಹಗ್ಗಕ್ಕೆ ಹಗ್ಗ ಉಜ್ಜುವುದರಿಂದ ಅಷ್ಟು ಬರುವುದಿಲ್ಲ, ಆದರೂ ಬರಿಗೈ ಎಳೆತಕ್ಕಿಂತ ಎಷ್ಟೋ ವಾಸಿ. ಸಡಿಲ ಬಿಡದೆ ಕುಣಿಕೆಯ ಹತ್ತಿರ ಎರಡು ಬೆರಳಲ್ಲಿ ಒತ್ತಿ ಹಿಡಿದು, ಅದರ ಕೆಳಗೆ ಎರಡು ಅರೆಗಂಟು ಹಾಕಿ. ಬಿಚ್ಚುವಾಗ ಅರೆಗಂಟು ತೆಗೆದರೆ ಕುಣಿಕೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಎಳೆಯುವಾಗ ಹಗ್ಗ ತುಂಡಾದರೆ ಹಿಂದಕ್ಕೆ ಬೀಳುತ್ತೀರಿ, ಆದ್ದರಿಂದ ಒಂದು ಕಾಲು ಹಿಂದಿಟ್ಟು ನಿಲ್ಲಿ. ಲೋಡಿನ ಮೇಲೆ ಅಂಚಿನಲ್ಲಿ ನಿಂತು ಎಳೆಯುವುದಂತೂ ಬೇಡವೇ ಬೇಡ.

ಟರ್ಪಾಲ್

ಟರ್ಪಾಲ್ ಮಳೆಗೆ, ಧೂಳಿಗೆ. ಲೋಡ್ ಹಿಡಿದಿಡುವುದು ಅದರ ಕೆಲಸವಲ್ಲ. ಮೊದಲು ಮಾಲನ್ನು ಕಟ್ಟಿ, ಅದರ ಮೇಲೆ ಟರ್ಪಾಲ್, ಅದಕ್ಕೆ ಬೇರೆ ಹಗ್ಗ. ಎರಡು ಟರ್ಪಾಲ್ ಬೇಕಾದರೆ ಹಿಂದಿನದನ್ನು ಮೊದಲು ಹಾಸಿ, ಮುಂದಿನದು ಅದರ ಮೇಲೆ ಹೆಂಚಿನಂತೆ ಬರಲಿ. ತಿರುವುಮುರುವಾದರೆ ಗಾಳಿ ಒಳನುಗ್ಗಿ ಹಿಂದಿನದನ್ನು ಎತ್ತಿಬಿಡುತ್ತದೆ. ಮಧ್ಯೆ ಗುಂಡಿ ಇದ್ದರೆ ನೀರು ನಿಲ್ಲುತ್ತದೆ, ಅಲ್ಲೊಂದು ಚೀಲ ಎತ್ತರಿಸಿ. ನಂಬರ್ ಪ್ಲೇಟ್, ಹಿಂದಿನ ಲೈಟ್, ರಿಫ್ಲೆಕ್ಟರ್ ಮುಚ್ಚಬಾರದು. ಮರಳು, ಜಲ್ಲಿಗೆ ಟರ್ಪಾಲ್ ಯಾಕೆ ಅನ್ನುವವರು ಒಮ್ಮೆ ಅಂಥ ಲಾರಿ ಹಿಂದೆ ಬೈಕಿನಲ್ಲಿ ಹೋಗಿ ನೋಡಲಿ.

ಎತ್ತರ, ಅಗಲ, ಮೇಲೆ ಕೂರುವ ಜನ

ಅಗಲ 2.6 ಮೀಟರ್ ದಾಟಬಾರದು. ಎತ್ತರ ನೆಲದಿಂದ 3.8 ಮೀಟರ್ ಒಳಗೇ ಇಟ್ಟುಕೊಂಡರೆ ಎಲ್ಲೂ ತಲೆನೋವಿಲ್ಲ. ಹೊರಚಾಚಿದ ಲೋಡಿಗೂ 194ನೇ ಕಲಮಿನಲ್ಲೇ 20,000 ದಂಡವಿದೆ. ದಂಡಕ್ಕಿಂತ ಹೆದರಬೇಕಾದ್ದು ಕರೆಂಟ್ ತಂತಿಗೆ. ಹುಲ್ಲು, ಹತ್ತಿ, ತೆಂಗಿನ ನಾರು ತುಂಬಿದ ಲಾರಿ ಹಳ್ಳಿ ರಸ್ತೆಯಲ್ಲಿ ಜೋತ ತಂತಿಗೆ ತಾಗಿದರೆ ನಿಮಿಷದಲ್ಲಿ ಬೂದಿ. ಬಿದಿರಿನ ಗಳಕ್ಕೆ ನಿಮ್ಮ ಎತ್ತರದ ಗುರುತು ಹಾಕಿಕೊಂಡು ಲೋಡ್ ಮುಗಿದ ಮೇಲೆ ಅಳೆಯಿರಿ. ಆ ಗಳ ಅಳತೆಗೆ ಮಾತ್ರ, ತಂತಿ ಎತ್ತಿ ಹಿಡಿಯಲು ಅಲ್ಲ.

2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿ ಲಾರಿ ಯಲ್ಲಾಪುರ ತಾಲೂಕಿನಲ್ಲಿ ಕಂದಕಕ್ಕೆ ಉರುಳಿ ಹತ್ತು ಜನ ವ್ಯಾಪಾರಿಗಳು ಸತ್ತರು. ಮಾಲಿನ ಜೊತೆಗೇ ಜನ ಪ್ರಯಾಣ ಮಾಡುತ್ತಿದ್ದರು. ಸಂತೆಗೆ ಹೋಗುವವರಿಗೆ ಬೇರೆ ಗಾಡಿ ಖರ್ಚು ಕಷ್ಟ ಅನ್ನುವುದು ನಿಜ. ಆದರೂ ಲೋಡಿನ ಮೇಲೆ ಜನ ಕೂತರೆ, ಗಾಡಿ ವಾಲಿದ ಕ್ಷಣದಲ್ಲಿ ಅವರ ಮೇಲೆ ಬೀಳುವುದು ನೀವು ಕಟ್ಟಿದ ಮಾಲೇ. ಹಮಾಲರನ್ನೂ ಕ್ಯಾಬಿನ್‌ನಲ್ಲಿ ಹಿಡಿಸುವಷ್ಟು ಜನರನ್ನು ಮಾತ್ರ ಕರೆದೊಯ್ಯಿರಿ.

ಹೊರಡುವಾಗ, ದಾರಿಯಲ್ಲಿ

ಒಂದು ಸುತ್ತು ಗಾಡಿ ಸುತ್ತ ನಡೆಯಿರಿ, ಪ್ರತಿ ಹಗ್ಗವನ್ನೂ ಅಂಗೈಯಲ್ಲಿ ಒತ್ತಿ ನೋಡಿ. ಟೈರ್ ಗಾಳಿ ಲೋಡ್ ಹಾಕಿದ ಮೇಲೆ ಇನ್ನೊಮ್ಮೆ ನೋಡಿ. ಜೋಡಿ ಚಕ್ರದ ನಡುವೆ ಕಲ್ಲು ಸಿಕ್ಕಿದ್ದರೆ ತೆಗೆಯಿರಿ.

ಹೊರಟು 20-30 ಕಿಲೋಮೀಟರ್ ಆದ ಮೇಲೆ ನಿಲ್ಲಿಸಲೇಬೇಕು. ಮೂಟೆ ಅಲುಗಾಡಿ ಕೆಳಗೆ ಕೂತಿರುತ್ತದೆ, ಹಗ್ಗ ಸಡಿಲ ಆಗಿರುತ್ತದೆ. ಇದು ಎಷ್ಟೇ ಚೆನ್ನಾಗಿ ಕಟ್ಟಿದರೂ ಆಗುವಂಥದ್ದು. ಮತ್ತೆ ಬಿಗಿದು ಹೊರಡಿ. ಶಿರಾಡಿಯೋ ಅರಬೈಲೋ, ಘಟ್ಟ ಇಳಿಯುವ ಮೊದಲು ಇನ್ನೊಮ್ಮೆ. ಇಳಿಯುವಾಗ ಮಾಲೆಲ್ಲ ಮುಂದಕ್ಕೆ ವಾಲುತ್ತದೆ, ತಿರುವಿನಲ್ಲಿ ಪಕ್ಕಕ್ಕೆ, ಎರಡೂ ಒಟ್ಟಿಗೆ. ಎತ್ತರದ ಲೋಡ್ ಇದ್ದರೆ ತಿರುವು ಶುರುವಾಗುವ ಮೊದಲೇ ವೇಗ ಇಳಿಸಿ, ಸಣ್ಣ ಗೇರಿನಲ್ಲೇ ಇಳಿಯಿರಿ, ತಿರುವಿನ ಮಧ್ಯೆ ಬ್ರೇಕ್ ಒತ್ತಬೇಡಿ. ಕನ್ನಡಿಯಲ್ಲಿ ಟರ್ಪಾಲಿನ ಅಂಚನ್ನೇ ಆಗಾಗ ನೋಡುತ್ತಿರಿ. ಅದು ಕಳೆದ ಸಲ ನೋಡಿದ್ದಕ್ಕಿಂತ ಹೊರಗೆ ಬಂದಿದ್ದರೆ ಒಳಗೆ ಮಾಲು ಜರುಗಿದೆ ಅಂತಲೇ ಅರ್ಥ. ಮುಂದಿನ ಢಾಬಾ ತನಕ ಕಾಯಬೇಡಿ.

ಇಳಿಸುವಾಗ

ದಾರಿಯಲ್ಲಿ ಜರುಗಿದ ಮಾಲು ಬಾಗಿಲಿಗೆ ಒರಗಿ ನಿಂತಿರುತ್ತದೆ. ಹಗ್ಗ ಬಿಚ್ಚುವ ಮೊದಲು ಸುತ್ತ ಒಮ್ಮೆ ನೋಡಿ. ಯಾವ ಕಡೆ ಉಬ್ಬಿದೆಯೋ ಆ ಕಡೆ ಯಾರೂ ನಿಲ್ಲಬಾರದು, ಹಗ್ಗವನ್ನು ಎದುರು ಬದಿಯಿಂದ ಬಿಚ್ಚಿ. ಹಿಂದಿನ ಬಾಗಿಲಿನ ಚಿಲಕ ತೆಗೆಯುವಾಗ ಬಾಗಿಲಿನ ಎದುರಿಗಲ್ಲ, ಪಕ್ಕಕ್ಕೆ ನಿಂತುಕೊಳ್ಳಿ. ಮೂಟೆಗಳನ್ನು ಮೇಲಿಂದ ವರಸೆ ವರಸೆಯಾಗಿ ತೆಗೆಯಿರಿ. ಬೇಗ ಆಗಲಿ ಅಂತ ಕೆಳಗಿನ ಚೀಲ ಎಳೆದರೆ ಮೇಲಿನದು ತಲೆಗೆ. ಎರಡು ಊರಲ್ಲಿ ಇಳಿಸುವ ಲೋಡಾದರೆ ಮೊದಲ ಊರಿನದು ಇಳಿದ ಮೇಲೆ ಉಳಿದದ್ದನ್ನು ಹಾಗೇ ಬಿಟ್ಟು ಹೊರಡಬೇಡಿ. ಆಕ್ಸಲ್ ಲೆಕ್ಕ ಬದಲಾಗಿರುತ್ತದೆ, ಖಾಲಿಯಾದ ಜಾಗವೇ ದೊಡ್ಡ ಸಂದಿ. ಮುಂದಕ್ಕೆ ಜರುಗಿಸಿ ಮತ್ತೆ ಕಟ್ಟಿ.

ಕೊನೆಗೆ ಹಗ್ಗ, ಬೆಲ್ಟ್ ಬಿಸಿಲಿಗೆ ಬಿದ್ದಿರದ ಹಾಗೆ ಸುತ್ತಿಟ್ಟುಕೊಳ್ಳಿ. ನೆಂದಿದ್ದರೆ ನೆರಳಲ್ಲಿ ಒಣಗಿಸಿ. ರಾಚೆಟ್ ಹಲ್ಲಿಗೆ ಎರಡು ಹನಿ ಎಣ್ಣೆ ಬಿಡಿ. ಅಂಚು ಹರಿದ ಬೆಲ್ಟ್ ಸಿಕ್ಕರೆ ಟೂಲ್ ಬಾಕ್ಸಿಗೆ ವಾಪಸ್ ಹಾಕಬೇಡಿ, ನಾಳೆ ಕ್ಲೀನರ್ ಹುಡುಗ ಗೊತ್ತಿಲ್ಲದೆ ಅದನ್ನೇ ತೆಗೆದು ಕಟ್ಟುತ್ತಾನೆ. ಚಾಕು ತೆಗೆದು ಅಲ್ಲೇ ಎರಡು ತುಂಡು ಮಾಡಿ.